ಯಾವ ಇಲಾಖೆಯವ್ರು?

ಕ್ಯಾಮೆರಾ ಹಿಡಿದು ಸಣ್ಣ ಊರಿಗೆ ಹೋದವನಿಗೆ ನಮ್ಮ ಕಡೆ ಯಾರೂ ಮೊದಲು ಹೆಸರು ಕೇಳುವುದಿಲ್ಲ, ಇಲಾಖೆ ಕೇಳುತ್ತಾರೆ. ಚಚಡಿಯಲ್ಲಿ ಬಸ್ಸಿಳಿದು ಚಹಾದಂಗಡಿಯ ಬೆಂಚಿನ ತುದಿಗೆ ಕುಳಿತೆ. ಕೊರಳಲ್ಲಿದ್ದ ಕ್ಯಾಮೆರಾ ನೋಡಿ ಅಲ್ಲಿದ್ದವರು ನನ್ನೆದುರೇ ನನ್ನ ಬಗ್ಗೆ ಚರ್ಚೆ ಶುರು ಹಚ್ಚಿದರು. ಒಬ್ಬರ ಪ್ರಕಾರ ನಾನು ಹೆಸ್ಕಾಂನವನು, ಕಂಬ ಎಣಿಸಲು ಬಂದಿದ್ದೇನೆ. ಇನ್ನೊಬ್ಬರಿಗೆ ಕಬ್ಬಿನ ಫ್ಯಾಕ್ಟರಿಯ ಸರ್ವೆಯವನಂತೆ ಕಂಡೆ. ಮೂಲೆಯಲ್ಲಿದ್ದ ಹುಡುಗ ಟೀವಿ ಸೀರಿಯಲ್‌ನವರಿರಬೇಕು ಎಂದ. ಮರುಕ್ಷಣವೇ ನನ್ನ ಚಪ್ಪಲಿ ನೋಡಿ ಆ ಮಾತು ಹಿಂತೆಗೆದುಕೊಂಡ. ಕೊನೆಗೆ ಹಿರಿಯರೊಬ್ಬರು ನೇರವಾಗಿಯೇ ಕೇಳಿದರು: "ಯಾವ ಇಲಾಖೆಯವ್ರು ನೀವು?"

"ಯಾವ ಇಲಾಖಿನೂ ಇಲ್ರಿ ಕಾಕಾ. ಧಾರವಾಡದಿಂದ ಬಂದೇನಿ. ಊರು ನೋಡಿ ನಾಲ್ಕು ಫೋಟೋ ತಗೊಂಡು ಹೋಗೋಣಂತ."

"ಇಷ್ಟ ಬಿಸಲಾಗ? ನಮ್ಮೂರಾಗ ಏನೈತ್ರಿ ತಗ್ಯಾಕ?"

ಹೀಗೆ ಕೇಳಿದವರೇ ಆಮೇಲೆ ಅರ್ಧ ಗಂಟೆ ಊರಲ್ಲಿ ಏನೇನಿದೆ ಎಂಬುದನ್ನು ಹೇಳಿದರು. ಚಹಾದ ದುಡ್ಡು ಕೊಡಲೂ ಬಿಡಲಿಲ್ಲ.

ಚಚಡಿ ಇರುವುದು ಹಳೆಯ ಪರಸಗಡ ತಾಲೂಕಿನಲ್ಲಿ. ಬೈಲಹೊಂಗಲ, ಸವದತ್ತಿ, ಮುರಗೋಡ, ಯರಗಟ್ಟಿ ಎಂದು ಬಸ್ಸಿನ ಬೋರ್ಡುಗಳು ಅದಲುಬದಲಾಗುವ ಎರಿ ಸೀಮೆ ಇದು. ಮಾಘ ಮಾಸದಲ್ಲಿ ಈ ಕಡೆ ಹೊರಟರೆ ಎಡಕ್ಕೆ ಬಿಳಿಜೋಳ, ಬಲಕ್ಕೆ ಕಬ್ಬು, ನಡುವೆ ಎಲ್ಲೋ ಒಂದು ಪಟ್ಟಿ ಕುಸುಬೆ. ಮುಳ್ಳಿನ ನಡುವೆ ಕಿತ್ತಳೆ ಹೂವು ಬಿಟ್ಟು ನಿಂತಿರುತ್ತದೆ. ಹೊಲದ ಮಣ್ಣು ಇನ್ನೂ ಅಂಗೈ ಇಳಿಯುವಷ್ಟು ಬಿರಿದಿರುವುದಿಲ್ಲ, ಅದಕ್ಕೆ ಚೈತ್ರ ಬರಬೇಕು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಹೋಗುತ್ತವೆ. ಟ್ರ್ಯಾಕ್ಟರ್ ಕಾಣುವ ಮೊದಲೇ ಹಾಡು ಬಂದು ಮುಟ್ಟುತ್ತದೆ, ಅದು ದಾಟಿದ ಮೇಲೂ ಒಂದು ಚರಣದಷ್ಟು ಹಿಂದೆ ಉಳಿಯುತ್ತದೆ. ಬಸ್ಸಿನ ತುಂಬ ಹೆಣ್ಣುಮಕ್ಕಳು. 2023ರ ಜೂನ್‌ನಿಂದ ಅವರಿಗೆ ಟಿಕೆಟ್ಟಿನ ದುಡ್ಡಿಲ್ಲ. ಭಾರತ ಹುಣ್ಣಿಮೆ ಹತ್ತಿರ ಬಂದಿದ್ದರಿಂದ ಅರ್ಧ ಬಸ್ಸು ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೊರಟಿತ್ತು. ಸೀಟು ಸಿಕ್ಕ ಗಂಡಸು ನಾನೊಬ್ಬನೇ; ಅದೂ ಹಣೆಗೆ ಭಂಡಾರ ಬಳಿದುಕೊಂಡಿದ್ದ ಮುದುಕಿಯೊಬ್ಬರು "ಆ ಮಷೀನ ಕೆಟ್ಟೀತು, ಕುಂದ್ರೋ ಯಪ್ಪಾ" ಎಂದು ಕ್ಯಾಮೆರಾದ ಮೇಲೆ ತೋರಿಸಿದ ಕನಿಕರದಿಂದ.

ಈ ದಾರಿಯ ಊರುಗಳಿಗೆಲ್ಲ ಒಂದೊಂದು ದನಿ ಇದೆ. ಸಂಗ್ಯಾ ಬಾಳ್ಯಾನ ಕಥೆ ಬೈಲಹೊಂಗಲದ್ದು. ಕಿತ್ತೂರ ಚೆನ್ನಮ್ಮ 1829ರಲ್ಲಿ ಸೆರೆಯಲ್ಲಿದ್ದಾಗಲೇ ತೀರಿಕೊಂಡದ್ದೂ ಅದೇ ಊರಲ್ಲಿ. ಜಾನಪದ ಹಾಡುಗಾರ ಹುಕ್ಕೇರಿ ಬಾಳಪ್ಪ ಮುರಗೋಡದವರು. ನೂರು ದಾಟಿ ಬದುಕಿದ ರಂಗನಟ ಬಾಳಪ್ಪನವರ ಅಡ್ಡಹೆಸರೇ ಸವದತ್ತಿ ಸೀಮೆಯ ಏಣಗಿ. ಚಚಡಿಗೆ ಹೆಸರು ತಂದದ್ದು ಅದರ ದೇಸಾಯರ ವಾಡೆ. ನಾನು ಬಂದದ್ದೂ ಅದರ ನೆಪದಿಂದಲೇ ಎಂದು ಒಪ್ಪಿಕೊಳ್ಳಬೇಕು.

ದೇಸಾಯರೆಂದರೆ ಆದಿಲಶಾಹಿ ಕಾಲದಿಂದ ಮರಾಠರ ಕಾಲದವರೆಗೆ ಕೆಲವು ಊರುಗಳ ಕಂದಾಯ ಎತ್ತಿ ಮೇಲಕ್ಕೆ ಮುಟ್ಟಿಸುತ್ತಿದ್ದ ವತನದಾರರು. ಲೆಕ್ಕ ಬರೆಯಲು ದೇಶಪಾಂಡೆ, ವಸೂಲಿಗೆ ದೇಸಾಯಿ. ಧಾನ್ಯವೂ ದುಡ್ಡೂ ಕಾಗದಪತ್ರಗಳೂ ಒಂದೇ ಕಡೆ ಇರಬೇಕಾದ್ದರಿಂದ ಮನೆಯನ್ನೇ ಅರ್ಧ ಕೋಟೆ ಮಾಡಿ ಕಟ್ಟಿದರು. ಈ ಸೀಮೆಯ ಯಾವ ವಾಡೆಗೆ ಹೋದರೂ ನಕ್ಷೆ ಹೆಚ್ಚುಕಡಿಮೆ ಅದೇ: ಆಳೆತ್ತರದ ಬಾಗಿಲು, ಅದರ ಹೊಟ್ಟೆಯಲ್ಲೊಂದು ದಿಂಡಿ ಬಾಗಿಲು, ತಲೆ ಬಾಗಿಸಿ ಒಳಗೆ ಹೋದರೆ ಪಡಸಾಲೆ, ಚೌಕ, ಕಟ್ಟಿಗೆಯ ಕಂಬಗಳು, ತೋಳು ಚಾಚಿದರೂ ಸಾಲದಷ್ಟು ದಪ್ಪದ ಗೋಡೆ. 1974ರ ಭೂಸುಧಾರಣೆ ಉಳುವವರಿಗೆ ನೆಲ ಕೊಟ್ಟ ಮೇಲೆ ಎಷ್ಟೋ ವಾಡೆಗಳಿಗೆ ಸುಣ್ಣ ಬಳಿಸುವ ಖರ್ಚೂ ಭಾರವಾಯಿತು. ಕೆಲವು ಬಿದ್ದವು, ಕೆಲವನ್ನು ಪಾಲು ಮಾಡಿಕೊಂಡು ನಡುವೆ ಇಟ್ಟಿಗೆ ಗೋಡೆ ಎಬ್ಬಿಸಿದರು. ಪಕ್ಕದ ಸಿರಸಂಗಿಯ ಲಿಂಗರಾಜ ದೇಸಾಯರು ಮಾತ್ರ 1906ರಲ್ಲಿ ತೀರಿಕೊಳ್ಳುವ ಮೊದಲೇ ತಮ್ಮ ಆಸ್ತಿಯನ್ನು ಮಕ್ಕಳ ಓದಿಗೆ ಬರೆದಿಟ್ಟಿದ್ದರು. ಬೆಳಗಾವಿಯ ಲಿಂಗರಾಜ ಕಾಲೇಜಿನ ಹೆಸರಿನ ಹಿಂದೆ ಇರುವವರು ಅವರೇ.

ಚಚಡಿಯ ವಾಡೆಯನ್ನು ನಾನು ಹೊರಗಿನಿಂದಲೇ ಹಿಡಿದೆ. ಜನ ಬಾಳುವ ಮನೆಯೊಳಕ್ಕೆ ಲೆನ್ಸು ಚಾಚುವುದು ನನಗೆ ಒಗ್ಗುವುದಿಲ್ಲ. ಅಲ್ಲದೆ ಆ ಹೊತ್ತಿಗೆ ನನಗೆ ಹೊರಗಡೆಯೇ ಸಾಕಷ್ಟು ಕೆಲಸ ಬಿದ್ದಿತ್ತು.

ಕೆಲಸವೆಂದರೆ ಫ್ರೇಮಿನಿಂದ ಊರನ್ನು ಹೊರಗೆ ಹಾಕುವುದು. ವ್ಯೂಫೈಂಡರಿಗೆ ಕಣ್ಣು ಹಚ್ಚಿದೊಡನೆ ಎಡಕ್ಕೊಂದು ವಿದ್ಯುತ್ ಕಂಬ ಬಂತು. ಎರಡು ಹೆಜ್ಜೆ ಬಲಕ್ಕೆ ಸರಿದೆ. ಓವರ್‌ಹೆಡ್ ಟ್ಯಾಂಕು ಬಂತು. ಮಂಡಿಯೂರಿದೆ, ಈಗ ಡಿಶ್ ಆಂಟೆನಾ ಒಂದು ಮಾಳಿಗೆಯಿಂದ ಇಣುಕಿತು. ಅದನ್ನು ಬೇವಿನ ಟೊಂಗೆಯ ಹಿಂದೆ ಅಡಗಿಸಿದರೆ ಯಾರದೋ ಹುಟ್ಟುಹಬ್ಬದ ಫ್ಲೆಕ್ಸು. ಅದರಲ್ಲಿ ನಡುವೆ ಕಪ್ಪು ಕನ್ನಡಕದ ನಾಯಕ, ಸುತ್ತ ಶುಭ ಕೋರುವ ಇಪ್ಪತ್ತು ಪಾಸ್‌ಪೋರ್ಟ್ ಮುಖಗಳು. ಇವೆಲ್ಲ ಇಲ್ಲದ ಒಂದು ಚೌಕ ಸಿಗುವವರೆಗೆ ನಾನು ರಸ್ತೆಯ ನಡುವೆ ಎದ್ದು ಕೂತು ಮಾಡುತ್ತಿದ್ದೆ. ದನಕ್ಕೆ ನೀರು ಕುಡಿಸಲು ಹೊರಟವರೊಬ್ಬರು ನಿಂತು, "ಏನರ ಕಳಕೊಂಡೀರೇನ್ರಿ?" ಎಂದು ಹುಡುಕಲು ಸಹಾಯಕ್ಕೂ ಬಂದರು.

ಅವರಿಗೆ ಏನು ಹೇಳಲಿ? ಆ ಟ್ಯಾಂಕು ಬರುವ ಮೊದಲು ಅದೇ ಊರಿನ ಹೆಣ್ಣುಮಕ್ಕಳು ಕೊಡ ಹೊತ್ತು ಎಷ್ಟು ದೂರ ನಡೆದಿರಬೇಕು? ಕಂಬಕ್ಕಾಗಿ ಯಾರು ಯಾರು ಅರ್ಜಿ ಹಿಡಿದು ಅಲೆದಿರಬೇಕು? ಊರವರು ಒಂದೊಂದಾಗಿ ಗಳಿಸಿಕೊಂಡದ್ದನ್ನೆಲ್ಲ ಗಳಿಸುವ ಮೊದಲಿನ ಸ್ಥಿತಿಗೆ ತಂದಿಟ್ಟರೆ ನಮ್ಮಂಥವರಿಗೆ ಊರು ಮುದ್ದಾಗಿ ಕಾಣುತ್ತದೆ. ಫೋಟೋ ನೋಡಿದ ಬೆಂಗಳೂರಿನ ಗೆಳೆಯರು 'ಎಂಥಾ ನೆಮ್ಮದಿ' ಎನ್ನುತ್ತಾರೆ. ಕೊಡ ಹೊತ್ತವಳಿದ್ದರಂತೂ ಇನ್ನೂ ನೆಮ್ಮದಿ.

ಇದೇನು ನಮ್ಮ ಕಾಲದ ಚಟವಲ್ಲ. ಈ ಸೀಮೆಗೆ ಕ್ಯಾಮೆರಾ ಕಾಲಿಟ್ಟದ್ದೇ ಹೀಗೆ. 1855ರಲ್ಲಿ ಮುಂಬಯಿ ಸರ್ಕಾರ ಬಿಗ್ಸ್ ಎಂಬ ಫಿರಂಗಿ ದಳದ ಅಧಿಕಾರಿಯನ್ನು ಫೋಟೋ ತೆಗೆಯುವ ಕೆಲಸಕ್ಕೆಂದೇ ನೇಮಿಸಿತು. ಅವನು ಬಿಜಾಪುರ, ಬಾದಾಮಿ, ಐಹೊಳೆ ಸುತ್ತಿದ. ಅವನ ನಂತರ ಆ ಕೆಲಸಕ್ಕೆ ಬಂದವನು ಡಾಕ್ಟರ್ ಪಿಗೂ. ಇವರಿಬ್ಬರ ಮತ್ತು ನೀಲ್ ಎಂಬ ಇನ್ನೊಬ್ಬ ಡಾಕ್ಟರನ ಚಿತ್ರಗಳು ಸೇರಿ 1866ರಲ್ಲಿ ಲಂಡನ್ನಿನಿಂದ 'ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪ' ಎಂಬ ದೊಡ್ಡ ಪುಸ್ತಕ ಹೊರಬಂತು. ಮೆಡೋಸ್ ಟೇಲರ್ ಇತಿಹಾಸ ಬರೆದ, ಫರ್ಗ್ಯುಸನ್ ಶಿಲ್ಪದ ಟಿಪ್ಪಣಿ ಬರೆದ. ಆ ಕಾಲದ ಇಂಥ ಚಿತ್ರಗಳನ್ನು ಅಚ್ಚಿನಲ್ಲಿ ನೋಡಿದವರಿಗೆ ಗೊತ್ತು: ಗುಡಿಯಷ್ಟೇ, ಊರಿಲ್ಲ. ಅಪರೂಪಕ್ಕೆ ಒಬ್ಬ ಮನುಷ್ಯ ಕಂಬದ ಪಕ್ಕ ನಿಂತಿದ್ದರೆ ಅದು ಕಂಬದ ಎತ್ತರ ತಿಳಿಯಲೆಂದು. ಆಗಿನ ಗಾಜಿನ ಪ್ಲೇಟಿಗೂ ಮೇಣದ ಕಾಗದಕ್ಕೂ ಬೆಳಕು ಸಾಲದೆ, ನಿಂತವನು ಅಲುಗಾಡಿದರೆ ಮಸಕಾಗಿ ಹೋಗುತ್ತಿದ್ದ. ಹಾಗೆ ಉಸಿರು ಬಿಗಿಹಿಡಿದು ನಿಂತವನ ಹೆಸರು ಎಲ್ಲೂ ಇಲ್ಲ.

ಇನ್ನೊಂದು ಸಂಗತಿ ನನ್ನನ್ನು ಬಹಳ ದಿನ ಕಾಡಿತು. ಅದೇ ಮುಂಬಯಿ ಸರ್ಕಾರ ಅದೇ ದಶಕದಲ್ಲಿ ಈ ಸೀಮೆಗೆ ಮತ್ತೊಂದು ತಂಡವನ್ನೂ ಕಳಿಸಿತ್ತು. 1852ರ ಕಾಯ್ದೆಯ ಬಲದಿಂದ ಬಂದ ಇನಾಮು ಕಮಿಷನ್ನಿನವರು. ದೇಸಾಯಿ, ಇನಾಮದಾರ, ಗುಡಿಯ ಪೂಜಾರಿ, ಯಾರೇ ಇರಲಿ, ನೆಲ ನಿಮ್ಮದೆನ್ನುವುದಕ್ಕೆ ಸನದು ತೋರಿಸಿ ಎಂದರು. ಅಜ್ಜ ಮುತ್ತಜ್ಜರ ಕಾಲದ ಕಾಗದಗಳನ್ನು ಗೆದ್ದಲು ತಿಂದಿದ್ದವು. ಕಾಗದವಿಲ್ಲದವರ ಮಾತು ನಡೆಯಲಿಲ್ಲ. ಆ ಕಾಲದ ಅಸಮಾಧಾನ ಎಲ್ಲಿಗೆ ಹೋಯಿತೆಂದರೆ, ದತ್ತಕಕ್ಕೆ ಒಪ್ಪಿಗೆ ಸಿಗದೆ ಕುದಿಯುತ್ತಿದ್ದ ನರಗುಂದದ ಅರಸ ಬಾಬಾಸಾಹೇಬರ ಕಡೆಯವರು 1858ರ ಮೇ ತಿಂಗಳಲ್ಲಿ ಇಲ್ಲೇ ರಾಮದುರ್ಗ ಸೀಮೆಯ ಸುರೇಬಾನದಲ್ಲಿ ಮ್ಯಾನ್ಸನ್ ಎಂಬ ಪೊಲಿಟಿಕಲ್ ಏಜೆಂಟನ ತಲೆ ಕಡಿದರು. ಮುಂದಿನ ತಿಂಗಳು ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಅಂದರೆ ಒಂದೇ ಸರ್ಕಾರದ ಒಬ್ಬ ನೌಕರ ಗೋಡೆಯ ಚಂದ ಹಿಡಿಯಲು ಬಂದ, ಇನ್ನೊಬ್ಬ ಗೋಡೆ ಯಾರದೆಂದು ವಿಚಾರಿಸಲು ಬಂದ. ಇಬ್ಬರನ್ನೂ ಊರವರು ಕೇಳಿದ ಪ್ರಶ್ನೆ ಅದೇ ಇದ್ದೀತು, ಚಹಾದಂಗಡಿಯಲ್ಲಿ ನನಗೆ ಕೇಳಿದ್ದು.

ವಾಡೆಯಿಂದ ದೂರದ ಓಣಿಯೊಂದರಲ್ಲಿ ಒಂದು ಮೇಲ್ಮುದ್ದೆ ಮನೆ ಕಂಡಿತು. ತೊಲೆ, ಜಂತಿ ಹಾಕಿ ಮೇಲೆ ಕರಲು ಮಣ್ಣು ಹೊದಿಸಿದ ಮಾಳಿಗೆ. ಕರಲು ಮಣ್ಣಿಗೆ ನೀರು ಬೇಗ ಇಳಿಯುವುದಿಲ್ಲ, ಬಂದ ಮಳೆ ಮೇಲೆಯೇ ಹರಿದುಹೋಗುತ್ತದೆ. ಬೇಸಿಗೆಯಲ್ಲಿ ಒಳಗೆ ತಂಪು. ಆದರೆ ವಾರಗಟ್ಟಲೆ ಜಿಟಿಜಿಟಿ ಹಿಡಿದರೆ ಅದಕ್ಕೂ ತಡೆಯುವುದಿಲ್ಲ, ಮಾಳಿಗೆಯ ಭಾರ ಗೋಡೆಯ ಮೇಲೆ ಬೀಳುತ್ತದೆ. ಈ ಮನೆಯ ಬೀದಿಬದಿಯ ಗೋಡೆ ಅರ್ಧ ಕುಸಿದು, ಒಳಗೋಡೆಯ ಮಾಡ ಬಯಲಿಗೆ ಕಾಣುತ್ತಿತ್ತು. ಮಾಡದ ಸುತ್ತ ಯಾರೋ ಎಂದೋ ನೀಲಿ ಬಳಿದಿದ್ದರು. ಮಣ್ಣಿನ ಕೆಂಪು, ಸುಣ್ಣದ ಬಿಳಿ, ನಡುವೆ ಅಂಗೈಯಗಲ ನೀಲಿ. ಮಧ್ಯಾಹ್ನ ಇಳಿದ ಬಿಸಿಲು ಓರೆಯಾಗಿ ಬಿದ್ದು ಹುಲ್ಲು ಕಲಸಿದ ಮಣ್ಣಿನ ಒಂದೊಂದು ಕಡ್ಡಿಯೂ ಕಾಣುತ್ತಿತ್ತು. ಇಂಥ ಗೋಡೆ ಬಿಟ್ಟು ಹೋಗುವ ಫೋಟೋಗ್ರಾಫರ್ ಇನ್ನೂ ಹುಟ್ಟಿಲ್ಲ.

ಮೂರ್ನಾಲ್ಕು ಸಲ ಬಟನ್ ಒತ್ತಿರಬೇಕು. ಒಳಗಿನಿಂದ ಒಬ್ಬ ಹೆಣ್ಣುಮಗಳು ಕೈಯ ಹಿಟ್ಟು ಝಾಡಿಸುತ್ತ ಹೊರಗೆ ಬಂದರು. ಬೈಯುತ್ತಾರೆಂದು ನಾನು ಕ್ಯಾಮೆರಾ ಇಳಿಸಿದೆ.

"ತಗೀರಿ ತಗೀರಿ. ಬುಡಾನೂ ಬರ್ಲಿ. ಮೊದ್ಲೊಬ್ರು ಬಂದಿದ್ರು, ಮ್ಯಾಲಷ್ಟ ತಕ್ಕೊಂಡ ಹೋದ್ರು. ಬುಡದಾಗ ನೋಡ್ರಿ ಹೆಂಗ ಬಾಯಿ ಬಿಟ್ಟೈತಿ."

ನಾನು ಉತ್ತರಿಸುವ ಮೊದಲೇ ಒಳಗೆ ಹೋಗಿ ರೇಷನ್ ಕಾರ್ಡು ತಂದರು. ಕಾರ್ಡನ್ನು ಎದೆಯ ಮಟ್ಟಕ್ಕೆ ಹಿಡಿದು, ಬಿದ್ದ ಗೋಡೆ ಎಡಗಡೆ, ನಿಂತ ಬಾಗಿಲು ಬಲಗಡೆ ಬರುವಂತೆ ಬರೋಬ್ಬರಿ ನಡುವೆ ನಿಂತರು. "ಅಷ್ಟ ಸಮೀಪ ಬ್ಯಾಡ್ರಿ ಅಣ್ಣಾರ, ಅಲ್ಲಿ ಕಟ್ಟಿ ಹತ್ತಿ ನಿಂದರ್ರಿ, ಅಲ್ಲಿಂದ ಎಲ್ಲಾ ಹಿಡೀತೈತಿ." ಹೇಳಿದ ಕಟ್ಟೆ ಹತ್ತಿ ನೋಡಿದೆ. ನಿಜ. ನಾನು ಹುಡುಕಿಯೂ ಕಾಣದ ಕೋನ ಅದು. ಗೋಡೆ, ಬಾಗಿಲು, ಮಾಳಿಗೆಯ ಬಾಗು, ಬುಡದ ಬಿರುಕು, ಒಂದೂ ಬಿಡದೆ ಒಳಗೆ ಕೂತವು.

2019ರ ಆಗಸ್ಟಿನಲ್ಲಿ ಮಲಪ್ರಭೆ, ಘಟಪ್ರಭೆ ಎರಡೂ ಉಕ್ಕಿ, ಬೆಳಗಾವಿ ಜಿಲ್ಲೆಯುದ್ದಕ್ಕೂ ಮಣ್ಣಿನ ಮನೆಗಳು ಕುಸಿದಾಗ ಈ ವಿದ್ಯೆ ಊರೂರಿಗೆ ಬಂತು. ಬಿದ್ದ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದರು. ಪೂರ್ತಿ ಬಿದ್ದದ್ದಕ್ಕೆ 5 ಲಕ್ಷ, ಕೊನೆಯ ಅಕ್ಷರದವರಿಗೆ ಅದರ ಸಣ್ಣ ಪಾಲು. ಅಕ್ಷರ ನಿರ್ಧಾರವಾಗುವುದರಲ್ಲಿ ಫೋಟೋದ ಮಾತು ದೊಡ್ಡದು. ಹೊಸ ಮನೆ ಕಟ್ಟುವಾಗಲೂ ಹಾಗೇ: ಬುನಾದಿಗೊಂದು ಫೋಟೋ, ಲಿಂಟಲ್ಲಿಗೊಂದು, ಸ್ಲ್ಯಾಬಿಗೊಂದು, ಜಿಪಿಎಸ್ ಗುರುತಿನ ಸಮೇತ, ಅದು ಮೇಲೆ ಹೋದರೆ ಕಂತು ಕೆಳಗೆ ಬರುತ್ತದೆ. ಬೆಳೆ ಸಮೀಕ್ಷೆಗೆ ಹೊಲದ ಫೋಟೋ. ಉದ್ಯೋಗ ಖಾತ್ರಿಯ ಕೂಲಿಗೆ 2023ರ ಜನವರಿಯಿಂದ ದಿನಕ್ಕೆ ಎರಡು ಹೊತ್ತು ಹಾಜರಿ ಫೋಟೋ ಕಡ್ಡಾಯವಾಯಿತು. ಬುಟ್ಟಿ ಸಲಿಕೆ ಹಿಡಿದ ಹೆಣ್ಣುಮಕ್ಕಳು ಬೆಳಿಗ್ಗೆ ಒಮ್ಮೆ ಸಾಲಾಗಿ ನಿಲ್ಲಬೇಕು, ಮಧ್ಯಾಹ್ನ ಮತ್ತೊಮ್ಮೆ. ಲೆಕ್ಕ ಹಾಕಿದರೆ ನಗರದಲ್ಲಿ ದಿನಾ ಸೆಲ್ಫಿ ತೆಗೆದುಕೊಳ್ಳುವ ನಮ್ಮ ಮಕ್ಕಳಿಗಿಂತ ಇವರ ಮುಖಗಳೇ ಹೆಚ್ಚು ಸಲ ಕ್ಯಾಮೆರಾ ಕಂಡಿರಬೇಕು. ಹಳ್ಳಿಯವರು ಫೋಟೋಕ್ಕೆ ನಾಚುತ್ತಾರೆ ಎಂದು ಇನ್ನೂ ಬರೆಯುವವರಿದ್ದಾರೆ. ಅವರು ಯಾವ ಹಳ್ಳಿಗೆ ಹೋಗಿದ್ದರೋ.

ನಾನು ಯಾವ ಕಚೇರಿಯವನೂ ಅಲ್ಲವೆಂದು ತಿಳಿಸಿ ಹೇಳಿದೆ. ಅವರು ಕಾರ್ಡು ಕೆಳಗಿಳಿಸಿದರು.

"ಮತ್ಯಾಕ ತಗದ್ರಿ?"

"ಚಂದ ಕಂಡತ್ರಿ ಅಕ್ಕಾರ."

ಅವರು ತಿರುಗಿ ಗೋಡೆ ನೋಡಿದರು. ಸಿಟ್ಟೇನೂ ಇರಲಿಲ್ಲ, ನಾನು ಕಂಡದ್ದು ಏನಿರಬಹುದೆಂದು ನಿಜವಾಗಿಯೂ ಹುಡುಕಿದರು. ಆಮೇಲೆ, "ಚಂದ ಬೀಳೂಮೊದ್ಲ ಇತ್ರಿ" ಎಂದರು. "ನಮ್ಮತ್ತಿ ವರ್ಷಾ ದೀವಳಗಿಗೆ ಸಾರಸ್ತಿದ್ದಳು. ಆ ನೀಲಿನೂ ಆಕೀನ ಬಳದದ್ದು." ರೊಟ್ಟಿ ಹಂಚಿನ ಮೇಲಿದೆ ಎಂದು ನೆನಪಾಗಿ ಒಳಗೆ ಓಡಿದರು, ಓಡುತ್ತಲೇ "ಕುಂದರ್ರಿ, ಬಿಸಿ ರೊಟ್ಟಿ ಅದಾವು" ಎಂದರು. ಶೇಂಗಾ ಹಿಂಡಿ, ಕೆಂಪಿಂಡಿ, ಮೊಸರು, ಜೋಳದ ರೊಟ್ಟಿ. ಇಲಾಖೆಯವನಲ್ಲ ಎಂದು ಗೊತ್ತಾದ ಮೇಲೂ ಹಾಕಿದ ಊಟ ಅದು. ಕಟ್ಟೆಯಿಂದ ತೆಗೆದ ಚಿತ್ರವನ್ನು ಅವರ ಮಗನ ಮೊಬೈಲಿಗೆ ಅಲ್ಲೇ ಕಳಿಸಿದೆ. ನೀಲಿ ಮಾಡದ್ದು ಬೇಡವಂತೆ.

ಶಾಲೆ ಬಿಟ್ಟ ಹೊತ್ತಿಗೆ ನನ್ನ ಹಿಂದೆ ಹುಡುಗರ ದಂಡು ಸೇರಿತು. ಹುಡುಗರ ಬೇಡಿಕೆ ಸ್ಪಷ್ಟ: ಹಳೇ ಬಾಗಿಲ ಮುಂದೆ ಬೇಡ, ಟ್ರ್ಯಾಕ್ಟರ್ ಮುಂದೆ ಬೇಕು. ಅದೂ ಇಂಥ ಟ್ರ್ಯಾಕ್ಟರೇ ಆಗಬೇಕು. ಬಂಪರಿಗೆ ದೀಪ, ಬಾನೆಟ್ಟಿಗೆ ದೇವರ ಹೆಸರು, ಹಿಂದೆ ಡೆಕ್ಕಿನ ಪೆಟ್ಟಿಗೆ. ಕಾಲೇಜು ಓದುವ ಒಬ್ಬ ತನ್ನ ಟಗರು ಹಿಡಿದು ತಂದ. ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ. ಟಗರು ತಲೆ ಎತ್ತಬೇಕು, ತನ್ನ ಮುಖ ಪಕ್ಕಕ್ಕೆ ತಿರುಗಿರಬೇಕು, ಕೆಳಗಿನಿಂದ ತೆಗೆಯಬೇಕು. "ಫ್ಲೆಕ್ಸಿಗೆ ಬೇಕ್ರಿ" ಎಂದ. ಅರ್ಧ ದಿನ ಫ್ಲೆಕ್ಸುಗಳನ್ನು ತಪ್ಪಿಸುತ್ತ ಓಡಾಡಿದವನು ಸಂಜೆ ಮಣ್ಣಿನಲ್ಲಿ ಮಲಗಿ ಫ್ಲೆಕ್ಸಿಗೊಂದು ಚಿತ್ರ ತೆಗೆದುಕೊಟ್ಟೆ. ಇವತ್ತಿಗೂ ಅವತ್ತಿನ ಫೋಟೋಗಳಲ್ಲಿ ಅದೇ ಹೆಚ್ಚು ಜೀವವಿರುವುದು ಎಂದು ನನ್ನ ಅಭಿಪ್ರಾಯ. ಟಗರಿಗೆ ತಾನು ಯಾರೆಂಬುದು ಚೆನ್ನಾಗಿ ಗೊತ್ತಿತ್ತು.

ಎರಿಭೂಮಿಯಲ್ಲಿ ಫೋಟೋ ತೆಗೆಯುವವರಿಗೆ ಇರುವ ಒಂದು ಫಜೀತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕ್ಯಾಮೆರಾದ ಮೀಟರಿಗೆ ಲೋಕವೆಲ್ಲ ಬೂದು ಬಣ್ಣದ್ದೆಂಬ ನಂಬಿಕೆ. ಕರಿ ಹೊಲ ತೋರಿಸಿದರೆ, ಇಷ್ಟು ಕತ್ತಲೆ ಇರಲಾರದು ಎಂದು ತಾನೇ ಬೆಳಕು ಹೆಚ್ಚಿಸಿ ಎರಿಮಣ್ಣನ್ನು ಬೂದಿ ಮಾಡಿಬಿಡುತ್ತದೆ. ಆ ಹೊಲದಲ್ಲಿ ಬಿಳಿ ಧೋತರ, ಬಿಳಿ ನೆಹರೂ ಶರ್ಟು, ಬಿಳಿ ಗಾಂಧಿ ಟೊಪ್ಪಿಗೆಯ ಹಿರಿಯರು ನಿಂತರಂತೂ ಮುಗಿಯಿತು. ಮಣ್ಣಿಗೆ ಸರಿ ಮಾಡಿದರೆ ಬಟ್ಟೆಯ ನೆರಿಗೆ ಹೋಗುತ್ತದೆ, ನೆರಿಗೆ ಉಳಿಸಿದರೆ ಬಿಸಿಲಲ್ಲಿ ಸುಟ್ಟ ಮುಖ ಕತ್ತಲಾಗುತ್ತದೆ. ಈ ಸೀಮೆಯ ಗಂಡಸರ ಬಿಳಿ ಬಟ್ಟೆಯ ಹುಚ್ಚು, ಅದನ್ನು ಒಗೆಯುವವರ ಮತ್ತು ಅದರ ಫೋಟೋ ತೆಗೆಯುವವರ ಪಾಲಿಗೆ ಒಂದೇ ಬಗೆಯ ಶಿಕ್ಷೆ.

ಇದನ್ನೆಲ್ಲ ಹೇಳಲು ಕಾರಣ ಒಬ್ಬ ಅಜ್ಜ. ಕಟ್ಟೆಯ ಮೇಲೆ ಬನಿಯನ್ನಿನಲ್ಲಿ ಕುಳಿತು ಪುಂಡಿ ನಾರಿನ ಹಗ್ಗ ಹೊಸೆಯುತ್ತಿದ್ದರು. ಒಂದು ಎಳೆ ಕಾಲ್ಬೆರಳಿಗೆ ಸಿಕ್ಕಿಸಿ, ಎರಡೂ ಅಂಗೈಗಳ ನಡುವೆ ನಾರು ಉರುಳುತ್ತ ಹಗ್ಗವಾಗಿ ಕೆಳಗಿಳಿಯುತ್ತಿತ್ತು. ಅವರು ನೋಡುವ ಮೊದಲೇ ಒಂದು ತೆಗೆದೆ. ಕೈ ಮುಖ ಬೆಳಕು ಮೂರೂ ಕೂಡಿಬಂದಿದ್ದವು. ಆಮೇಲೆ ಕೇಳಿದೆ, "ಅಜ್ಜಾರ, ಹಂಗ ಕುಂದರ್ರಿ, ಒಂದ್ ಫೋಟೋ."

"ತಡಿ ತಮ್ಮಾ" ಎಂದು ಹಗ್ಗ ಬಿಟ್ಟು ಎದ್ದುಹೋದರು. ಒಳಗೆ ನೀರಿನ ಸಪ್ಪಳ, ಟ್ರಂಕಿನ ಬಾಗಿಲಿನ ಸಪ್ಪಳ. ಸೂರ್ಯ ಇತ್ತ ಇಳಿಯುತ್ತಲೇ ಇದ್ದ. ಕೊನೆಗೆ ಬಂದರು: ಇಸ್ತ್ರಿಯ ಧೋತರ, ಟೊಪ್ಪಿಗೆ, ಹಣೆಗೆ ಮೂರು ಬೆರಳಿನ ವಿಭೂತಿ, ಕೈಗೆ ಗಡಿಯಾರ. ಗಡಿಯಾರ ನಿಂತಿತ್ತು, ಫೋಟೋದಲ್ಲಿ ಓಡುವ ಗಡಿಯಾರವೂ ನಿಲ್ಲುತ್ತದಲ್ಲ, ಅದರಿಂದೇನೂ ತೊಂದರೆಯಿಲ್ಲ. ಮೊಮ್ಮಗ ಪಕ್ಕದ ಮನೆಯಿಂದ ಕೆಂಪು ಪ್ಲಾಸ್ಟಿಕ್ ಕುರ್ಚಿ ತಂದಿಟ್ಟ. ಅಜ್ಜ ಕುಳಿತು, ಎರಡೂ ಅಂಗೈಗಳನ್ನು ಮೊಣಕಾಲ ಮೇಲಿಟ್ಟು, ಬೆರಳು ಬಿಡಿಸಿ, ಲೆನ್ಸನ್ನು ದಿಟ್ಟಿಸಿದರು. ನಗು ಇಲ್ಲ. ಅವರು ನಿಶ್ಚಲವಾಗಿ ಕುಳಿತ ಬಗೆ ನೋಡಿದರೆ ಡಾಕ್ಟರ್ ಪಿಗೂನ ಮೇಣದ ಕಾಗದಕ್ಕೂ ಸ್ಪಷ್ಟವಾಗಿ ಬಂದುಬಿಡುತ್ತಿದ್ದರು.

"ಅಮ್ಮಾರನ್ನೂ ಕರೀರಿ."

ಅಮ್ಮ ಬಾಗಿಲ ಹಿಂದಿನಿಂದಲೇ ಹೇಳಿದರು: "ನಂದ್ಯಾಕ? ಕಾರ್ಡಿನ್ಯಾಗ ಐತೆಲ್ಲ."

"ಆಕಿ ಬರೂದಿಲ್ಲ ಬಿಡು" ಎಂದರು ಅಜ್ಜ. "ನನ್ನ ಬಾವಚಿತ್ರ ಒಂದ ಆಗಬೇಕಿತ್ತು ತಮ್ಮಾ. ನಮ್ಮಪ್ಪಂದ ಇಲ್ಲ. ಹೆಂಗಿದ್ದ ಅಂತ ಕೇಳಿದ್ರ ಇವ್ರಿಗೆ ಏನ ತೋರಸ್ಲಿ? ಹೊಲಾ ತೋರಸ್ತೇನಿ." ಹಿಂದೆ ಒಮ್ಮೆ ಪಟ್ಟಣಕ್ಕೆ ಹೋಗಿ ತೆಗೆಸಿದ್ದರಂತೆ, ಅದರಲ್ಲಿ ಕಣ್ಣು ಮುಚ್ಚಿತ್ತಂತೆ. "ಸತ್ತಾವ್ರಂಗ ಬಂದಿತ್ತು. ಸಾಯೂಮೊದ್ಲ ಅದ್ಯಾಕ?"

ನಾನು ಹಗ್ಗ ಹೊಸೆಯುವ ಚಿತ್ರ ತೋರಿಸಿದೆ, ಆಸೆಯಿಂದಲೇ. ಅವರು ಸ್ಕ್ರೀನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. "ಇದನ್ನ ಅಳಸು" ಎಂದರು. "ಬನಿಯನ್ ಮ್ಯಾಲ ಅದೇನಿ. ಹಗ್ಗಾ ದಿನಾ ಹೊಸೀತೇನಿ, ಅದನ್ಯಾಕ ಮಂದಿಗೆ ತೋರಸ್ತಿ?" ಮೊಮ್ಮಗ, ಟಗರಿನ ಹುಡುಗ, ದನದವರು, ಎಲ್ಲರೂ ನನ್ನ ಹೆಬ್ಬೆರಳನ್ನೇ ನೋಡುತ್ತಿದ್ದರು. ಅಳಿಸಿದೆ. ಮುಖ ಅವರದು, ಬನಿಯನ್ನೂ ಅವರದೇ. ನಂತರ ಟೊಪ್ಪಿಗೆಯ ನೆರಿಗೆ ಉಳಿಸಲು ಮೀಟರಿನ ಜೊತೆ ಜಗಳವಾಡಿ, ಕುರ್ಚಿಯನ್ನು ನೆರಳಿಗೆ ಸರಿಸಿ, ಅವರು ಹೇಳಿದಂತೆ ಪಾದದಿಂದ ಟೊಪ್ಪಿಗೆಯ ತುದಿಯವರೆಗೆ ಪೂರ್ತಿ ಬರುವ ಚಿತ್ರ ತೆಗೆದೆ. ಹಿಂದೆ ಅವರ ಮನೆಯ ಹಳೆಯ ಬಾಗಿಲು, ತೇಗದ ಚೌಕಟ್ಟು, ಪಕ್ಕದಲ್ಲಿ ಸುಣ್ಣ ಉದುರಿದ ಗೋಡೆ. ಅಷ್ಟರಮಟ್ಟಿಗೆ ನನ್ನ ಪಾಲೂ ಉಳಿಯಿತೆಂದುಕೊಂಡೆ.

ಬೈಲಹೊಂಗಲದಲ್ಲಿ ಬಸ್ಸು ಬದಲಿಸುವಾಗ ಹೊತ್ತಿದ್ದುದರಿಂದ ಒಂದು ಸ್ಟುಡಿಯೋ ಹೊಕ್ಕೆ. ಗೋಡೆಯ ತುಂಬ ಮದುವೆ ಜೋಡಿಗಳು, ಕೆಳಗಡೆ ಸಾಲಾಗಿ ಹಾರ ಹಾಕಿದ ಹಿರಿಯರು, ಮೇಜಿನ ಮೇಲೆ ಕತ್ತರಿಸಿಟ್ಟ ಪಾಸ್‌ಪೋರ್ಟ್ ಸೈಜುಗಳ ಗುಡ್ಡೆ. ಕಂಪ್ಯೂಟರಿನ ಮುಂದಿದ್ದ ಹುಡುಗ ಕಾರ್ಡು ಹಾಕಿ ಅಜ್ಜನ ಚಿತ್ರ ತೆರೆದ. "ಚೊಲೋ ಕುಂತಾರ್ರಿ" ಎಂದು ಮೆಚ್ಚಿದ. ನಾನು ಪ್ರಿಂಟಿನ ಅಳತೆ ಹೇಳುವಷ್ಟರಲ್ಲಿ ಅವನ ಮೌಸು ಅಜ್ಜನ ಸುತ್ತ ಒಂದು ಸುತ್ತು ಹಾಕಿತು. ತೇಗದ ಬಾಗಿಲೂ ಗೋಡೆಯೂ ಮಾಯ.

"ಅದು ಇರಲಿ. ಗೋಡೆ ಬೇಕು" ಎಂದೆ.

"ಬಿದ್ದಂಗ ಕಾಣತೈತ್ರಿ ಸರ. ನೀಲಿ ಹಾಕ್ತೇನಿ."

ವಾದ ಮಾಡುವ ಬದಲು ಮೊಮ್ಮಗನ ನಂಬರಿಗೆ ಫೋನ್ ಹಚ್ಚಿದೆ. ಆ ಕಡೆ ಅಜ್ಜನನ್ನು ಕೂಗಿ ಕರೆದು ಕೇಳಿದ ಸದ್ದು, ಏನೋ ಚರ್ಚೆ, ಅಮ್ಮನ ದನಿಯೂ ನಡುವೆ. ನಂತರ ಉತ್ತರ ಬಂತು: ನೀಲಿ ಆಗಬಹುದು, ಆದರೆ ಕುರ್ಚಿ ಪ್ಲಾಸ್ಟಿಕ್ಕಿನದು ಅಂತ ಕಾಣಬಾರದು. ಹುಡುಗನಿಗೆ ಅದೇನು ದೊಡ್ಡ ಮಾತಾಗಿರಲಿಲ್ಲ. ಕುಸುರಿ ಕೆತ್ತಿದ ತೋಳುಗಳ ಒಂದು ಸಿಂಹಾಸನ ಅವನ ಫೋಲ್ಡರಿನಲ್ಲೇ ಇತ್ತು, ಎರಡು ಒತ್ತಿಗೆ ಅಜ್ಜ ಅದರ ಮೇಲೆ ಕುಳಿತರು. ನಾನು ಉಳಿಸಿದ್ದ ಟೊಪ್ಪಿಗೆಯ ನೆರಿಗೆ ಮಾತ್ರ ಅವನೂ ಮುಟ್ಟಲಿಲ್ಲ. ಲ್ಯಾಮಿನೇಶನ್ ಮಾಡಿಸಿ, ಕಟ್ಟು ಹಾಕಿಸಿ, ಮರುದಿನದ ಬಸ್ಸಿಗೆ ಕೊಟ್ಟು ಕಳಿಸುವ ಮಾತಾಯಿತು. ದುಡ್ಡು ಎಣಿಸುವಾಗ ಹುಡುಗ ಇನ್ನೊಮ್ಮೆ ಸ್ಕ್ರೀನಿನತ್ತ ನೋಡಿದ.

"ಹಾರ ಹಾಕ್ಲೇನ್ರಿ?"

"ಏ, ಬ್ಯಾಡೋ ಮಾರಾಯಾ. ಅಜ್ಜ ಗಟ್ಟಿ ಅದಾರ."

"ಹಂಗೇನ್ರಿ? ಇರ್ಲಿ ತಗೋರ್ರಿ, ಫೈಲ್ ಇಟ್ಟಿರ್ತೇನಿ. ಅವರ ಮನಿಯವ್ರಿಗೆ ನನ್ನ ನಂಬರ್ ಕೊಟ್ಟಿರ್ರಿ."